ಕಂಡಕ್ಟರ್ ಮಾವನ ವಿಸಿಟ್ ವೀಸಾ

ಅವರನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಪ್ರಾಯವನ್ನೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟೇ ಕಳೆದವರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಕಂಡಕ್ಟರು. ಕೆಲಸದಿಂದ ನಿವೃತ್ತಿಯಾಯಿತು, ಹೆಸರಿಗೆ ಆಗಲಿಲ್ಲ. ಯಾರ ಮನೆಯ ಬಾಗಿಲಲ್ಲಾದರೂ ನಾಲ್ಕು ಜನ ಗುಂಪುಗಟ್ಟಿ ನಿಂತರೆ ಸಾಕು, "ಒಳಗೆ ನಡೀರಿ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಅವರ ಬಾಯಿ ತಾನಾಗಿಯೇ ಹೇಳಿಬಿಡುತ್ತಿತ್ತು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ. ಅವನಿಗೆ ಅಪ್ಪನೂ ತಾವೇ, ಅಮ್ಮನೂ ತಾವೇ ಆಗಿ ಬೆಳೆಸಿದರು. ಬೆಳಗಿನ ಟ್ರಿಪ್ಪಿಗೆ ಮೊದಲು ಅಡುಗೆ ಮಾಡಿ, ಡಬ್ಬಿ ಕಟ್ಟಿ, ಹುಡುಗನನ್ನು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಶಾಲೆಯ ಬಾಗಿಲಲ್ಲಿ ಇಳಿಸುತ್ತಿದ್ದರು.

ಮಗ ದೊಡ್ಡವನಾಗಿ, ನರ್ಸ್ ಕೆಲಸ ಕಲಿತ ಹುಡುಗಿಯೊಬ್ಬಳನ್ನು ಮದುವೆಯಾದ. ಅವಳಿಗೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯ ಹಿಂದೆ ಹೋದ ಅವನಿಗೆ ಅಲ್ಲೇ ಒಂದು ಗೋದಾಮಿನಲ್ಲಿ, ತರಕಾರಿಯನ್ನು ತಣ್ಣಗೆ ಇಡುವ ಕಡೆ, ಕೆಲಸ ದೊರೆಯಿತು. ಒಂದು ಹೆಣ್ಣು ಮಗುವೂ ಆಯಿತು. ಮಗು ಮಾತು ಕಲಿಯುತ್ತಿದ್ದ ಕಾಲಕ್ಕೆ ಒಂದು ದಿನ ಮಗ ಕೆಲಸದಲ್ಲೇ ಕುಸಿದು ಬಿದ್ದ. ಮಿದುಳಿನ ರಕ್ತನಾಳ ಒಡೆದಿತ್ತು. ಹೆಂಡತಿ ಕೆಲಸ ಮಾಡುವ ಆಸ್ಪತ್ರೆಗೇ ತಂದರು, ಅವಳ ಕಣ್ಣೆದುರಿಗೇ ಜೀವ ಹೋಯಿತು.

ಸೊಸೆ ಅವನನ್ನು ಪೆಟ್ಟಿಗೆಯಲ್ಲಿ ಮನೆಗೆ ತಂದಳು. ಕಾರ್ಯಗಳೆಲ್ಲ ಮುಗಿದ ಮೇಲೆ, ಮುಂದೇನು ಎಂಬ ಮಾತು ಬಂತು. ಕೆಲಸ ಬಿಟ್ಟರೆ ಹೊಟ್ಟೆಗೆ ದಾರಿಯಿಲ್ಲ. ವಾಪಸ್ಸು ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ, ಅವಳದು ನೈಟ್ ಡ್ಯೂಟಿ. ಅವಳ ತಾಯಿ ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಕದಲುವ ಹಾಗಿರಲಿಲ್ಲ. ಮಗುವನ್ನು ಇಲ್ಲೇ ಬಿಟ್ಟು ಹೋಗು ಎಂದು ನೆಂಟರೆಲ್ಲ ಹೇಳಿದರು. ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಕಂಡಕ್ಟರು ಆಗ ಬಾಯಿ ತೆರೆದರು.

"ಅಪ್ಪ ಅಂತೂ ಇಲ್ಲ, ತಾಯಿನೂ ದೂರ ಆದ್ರೆ ಹೇಗೆ? ಮಗು ಅವಳ ಜೊತೆನೇ ಹೋಗ್ಲಿ. ನಾನು ಬರ್ತೀನಿ."

"ಮಾವ, ಅಲ್ಲಿ ನಿಮಗೆ ಭಾಷೆ ಬರಲ್ಲ, ಜನ ಇಲ್ಲ. ದಿನವೆಲ್ಲ ಏನು ಮಾಡ್ತೀರ?" ಎಂದಳು ಸೊಸೆ.

"ಅವಳಿಗೂ ಇನ್ನೂ ಸರಿಯಾಗಿ ಮಾತು ಬರಲ್ಲ. ಇಬ್ಬರೂ ಸೇರಿ ಕಲಿತೀವಿ" ಎಂದರು ಅವರು.

ಹೀಗೆ ವಿಸಿಟ್ ವೀಸಾದ ಮೇಲೆ ಕಂಡಕ್ಟರು ಸೊಸೆಯ ಮನೆ ಸೇರಿದರು. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಇಕ್ಕಟ್ಟಾದ ಅಡುಗೆಮನೆ. ಮುಂಗೋಣೆಯ ಸೋಫಾ ಬಿಚ್ಚಿದರೆ ಅದೇ ಅವರ ಮಂಚ. ಕಿಟಕಿಯ ಕೆಳಗೆ ಬೀದಿ, ಬೀದಿಯಾಚೆ ಲಾಂಡ್ರಿಯವರ ಹಿತ್ತಲು. ಅಲ್ಲಿ ಯಾವಾಗಲೂ ಹೋಟೆಲುಗಳ ಬಿಳಿ ಹಾಸುಗಳು ಒಣಗುತ್ತಿದ್ದವು. ಬೆಳಗ್ಗೆ ಸೊಸೆ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅವರು ಮೊಮ್ಮಗಳು ಪುಟ್ಟಿಯನ್ನು ಎಬ್ಬಿಸಿ, ಮೀಯಿಸಿ, ಜಡೆ ಹಾಕಿ ಶಿಶುವಿಹಾರಕ್ಕೆ ತಯಾರು ಮಾಡಿರುತ್ತಿದ್ದರು. ಜಡೆ ಹಾಕುವುದು ಮಾತ್ರ ಅವರಿಗೆ ದೊಡ್ಡ ಸಾಹಸ. ಗಂಡು ಹುಡುಗನನ್ನು ಬೆಳೆಸಿದ ಕೈಗೆ ಆ ವಿದ್ಯೆ ಬಂದಿರಲಿಲ್ಲ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಸೊಸೆ ನೋಡಿ ನಗು ತಡೆದುಕೊಂಡು, ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅವಳು ಆ ಮನೆಯಲ್ಲಿ ಮತ್ತೆ ನಗಲು ಶುರು ಮಾಡಿದ್ದೇ ಆ ಜಡೆಗಳಿಂದ. ಅದು ಗೊತ್ತಿದ್ದೇ ಕಂಡಕ್ಟರು ಚೆನ್ನಾಗಿ ಹಾಕಲು ಕಲಿತ ಮೇಲೂ ಕೆಲವು ದಿನ ಬೇಕೆಂದೇ ಕೆಡಿಸಿದರು.

ವೀಸಾ ಒಂದು ಸಲ ಮುಗಿಯಿತು. ಮೂಲೆಯ ಜೆರಾಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ಏನೇನೋ ಒತ್ತಿದ, ಮುಂದುವರಿಯಿತು. ಇಷ್ಟೇ ತಾನೆ ಎಂದುಕೊಂಡರು. ಎರಡನೆಯ ಸಲ ಮುಗಿಯಲು ಬಂದಾಗ ಮಾತ್ರ ಅದೇ ಅಂಗಡಿಯವನು ತಲೆ ಕೆರೆದುಕೊಂಡ. "ಈ ಸಲ ಒತ್ತಿದ್ರೆ ಆಗ್ತಿಲ್ಲ. ಖುದ್ದಾಗಿ ಬರಬೇಕಂತೆ" ಎಂದ.

ಹೋದರು. ವೀಸಾ ಕಚೇರಿಯ ಹಾಲ್ ಬಸ್ ನಿಲ್ದಾಣದಷ್ಟು ದೊಡ್ಡದು. ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ತೊಡೆಯ ಮೇಲೆ ಮಕ್ಕಳನ್ನೂ ಫೈಲುಗಳನ್ನೂ ಇಟ್ಟುಕೊಂಡು ಕೂತ ಜನ, ಮೇಲೆ ನಂಬರು ಬದಲಾಗುವ ಪರದೆ. ಪ್ರತಿ ಸಲ ಟಿಣ್ ಎಂದಾಗ ಎಲ್ಲರ ತಲೆಯೂ ಒಟ್ಟಿಗೆ ಮೇಲೇಳುತ್ತಿತ್ತು. ತಮ್ಮ ಸರದಿ ಬಂದಾಗ ಕಂಡಕ್ಟರು ಶರ್ಟಿನ ಗುಂಡಿ ಸರಿಮಾಡಿಕೊಂಡು ಕೌಂಟರಿನ ಮುಂದೆ ನಿಂತರು. ಗಾಜಿನ ಆಚೆ ಒಬ್ಬ ಅಧಿಕಾರಿಣಿ. ನಡು ವಯಸ್ಸು, ನೆಗಡಿ ಹಿಡಿದಿತ್ತು, ಮಾತಿಗೊಮ್ಮೆ ಕಾಗದದ ಕರವಸ್ತ್ರದಲ್ಲಿ ಮೂಗು ಒತ್ತಿಕೊಳ್ಳುತ್ತಿದ್ದಳು. ಅವಳು ಹೇಳಿದ್ದನ್ನು ಸೊಸೆ ಮಾವನಿಗೆ, ಮಾವ ಹೇಳಿದ್ದನ್ನು ಅವಳಿಗೆ ತಿಳಿಸಬೇಕು.

ಮೊದಲು ಬೆರಳಚ್ಚು. ಪುಟ್ಟ ಗಾಜಿನ ಮೇಲೆ ಹೆಬ್ಬೆರಳು ಒತ್ತಿದರೆ ಹಸಿರು ದೀಪ ಬರಬೇಕು. ಒತ್ತಿದರು, ಕೆಂಪು ಬಂತು. ಒರೆಸಿಕೊಂಡು ಒತ್ತಿದರು, ಮತ್ತೆ ಕೆಂಪು. ಅಧಿಕಾರಿಣಿ ಎದ್ದು ಬಂದು ತಾನೇ ಅವರ ಬೆರಳನ್ನು ಹಿಡಿದು ಒತ್ತಿದಳು. ಗೆರೆಗಳೇ ಕಾಣುತ್ತಿಲ್ಲ ಎಂದಳು.

"ಟಿಕೆಟ್ ಹರಿದು ಹರಿದು ಕೊಡುವಾಗ ಗೆರೆನೂ ಒಂದೊಂದಾಗಿ ಕೊಟ್ಟುಬಿಟ್ಟೆ ಅನ್ಸತ್ತೆ ಅಂತ ಹೇಳಮ್ಮ" ಎಂದರು ಕಂಡಕ್ಟರು.

ಸೊಸೆ ಹೇಳಿದಳು. ಅಧಿಕಾರಿಣಿ ಸೀನಿದಳೋ ನಕ್ಕಳೋ ಗೊತ್ತಾಗಲಿಲ್ಲ. ಸೊಸೆ ತನ್ನ ಚೀಲದಿಂದ ಆಸ್ಪತ್ರೆಯಲ್ಲಿ ಕೈಗೆ ಹಚ್ಚುವ ಕ್ರೀಮು ತೆಗೆದು, ಮಾವನ ಬೆರಳುಗಳಿಗೆ ಒಂದೊಂದಾಗಿ ತಿಕ್ಕಿ, ಸೆರಗಿನಷ್ಟೇ ಮೆತ್ತಗಿನ ಒಂದು ಬಟ್ಟೆಯಿಂದ ಒರೆಸಿದಳು. ಕಡೆಗೆ ಉಂಗುರದ ಬೆರಳನ್ನು ಯಂತ್ರ ಒಪ್ಪಿಕೊಂಡಿತು.

ಆಮೇಲೆ ಅಧಿಕಾರಿಣಿ ಕಂಪ್ಯೂಟರಿನತ್ತ ನೋಡುತ್ತ ಒಂದು ಪ್ರಶ್ನೆ ಕೇಳಿದಳು. ಸೊಸೆ ಉತ್ತರ ಕೊಟ್ಟಳು. ಇನ್ನೊಂದು ಕೇಳಿದಳು. ಅದಕ್ಕೂ ಕೊಟ್ಟಳು. ಮೂರನೆಯದಕ್ಕೆ ಸೊಸೆಯ ಬಾಯಿ ಕಟ್ಟಿತು. ಅವಳು ಕೌಂಟರಿನ ಅಂಚನ್ನು ಉಗುರಿನಿಂದ ಕೆರೆದಳು, ಒಮ್ಮೆ ಮಾವನ ಕಡೆ ನೋಡಿ ಕಣ್ಣು ತಪ್ಪಿಸಿದಳು, ಆಮೇಲೆ ಇಲ್ಲ ಎಂಬಂತೆ ತಲೆಯಾಡಿಸಿದಳು. ಮಾವನಿಗೆ ಆ ಭಾಷೆಯ ಒಂದಕ್ಷರ ತಿಳಿಯದು. ಆದರೆ ಆ ತಡವರಿಕೆ ತಿಳಿಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದರು. "ಕೊನೆಗೆ ಏನು ಕೇಳಿದ್ರು?"

"ಏನಿಲ್ಲ ಮಾವ. ಮನೆ ಅಡ್ರೆಸ್ಸು."

ಅವರು ಹೂಂ ಎಂದು ಕಿಟಕಿಯ ಕಡೆ ತಿರುಗಿದರು.

ಆ ಒಂದು ಪ್ರಶ್ನೆ ಬಿಟ್ಟು ಉಳಿದದ್ದನ್ನೆಲ್ಲ ಸೊಸೆ ಮನೆಗೆ ಬಂದು ಬಿಡಿಸಿ ಹೇಳಿದಳು. ಎರಡನೆಯ ಸಲ ವೀಸಾ ಮುಂದುವರಿಸಬೇಕಾದರೆ ಬಂದವರು ಹತ್ತಿರದ ಸಂಬಂಧಿ ಆಗಿರಬೇಕು. ಮಾವ ಎಂಬ ಸಂಬಂಧ ಗಂಡನಿಂದ ಬಂದದ್ದು, ಗಂಡನೇ ಇಲ್ಲ. ಹಾಗಾಗಿ ಅದು ಈಗಲೂ ಇದೆಯೋ ಇಲ್ಲವೋ ಎಂದು ವೀಸಾ ಕಚೇರಿಯವರಿಗೆ ಅನುಮಾನ. ಇದೆ ಎನ್ನುವುದಕ್ಕೆ ನಮ್ಮ ದೇಶದ ರಾಯಭಾರ ಕಚೇರಿಯಿಂದ ಒಂದು ಪತ್ರ ತರಬೇಕು.

"ಇದೇನಪ್ಪ ಇದು" ಎಂದರು ಕಂಡಕ್ಟರು. "ಮಗ ಹೋದ. ಅವನ ಜೊತೆ ನೀನೂ ಹೋದೆಯಾ, ನಾನೂ ಹೋದೆನಾ? ಇಬ್ಬರೂ ಇಲ್ಲೇ ಎದುರುಬದುರು ಕೂತು ಟೀ ಕುಡೀತಿದ್ದೀವಲ್ಲ."

ಮಾತು ಹಗುರವಾಗಿ ಆಡಿದರೂ ಆ ದಿನವೆಲ್ಲ ಅವರಿಗೆ ಮನಸ್ಸು ನೆಟ್ಟಗಿರಲಿಲ್ಲ. ಪುಟ್ಟಿಯನ್ನು ಶಿಶುವಿಹಾರದಿಂದ ಕರೆತರುವಾಗ ಬೇರೆ ಬೀದಿಗೆ ತಿರುಗಿಬಿಟ್ಟರು. "ತಾತ, ಇದು ನಮ್ಮ ದಾರಿ ಅಲ್ಲ" ಎಂದು ಅವಳೇ ಕೈ ಹಿಡಿದು ಎಳೆದುಕೊಂಡು ಬಂದಳು.

ಸೊಸೆಗೆ ಆ ಕೌಂಟರಿನಲ್ಲಿ ಏನು ಕೇಳಿರಬಹುದೆಂದು ಅವರು ಒಳಗೊಳಗೇ ಊಹಿಸಿದ್ದರು. ಅದಕ್ಕೆ ಕಾರಣವೂ ಇತ್ತು. ಕೆಲವು ತಿಂಗಳಿನಿಂದ ಸೊಸೆ ಬೆಳಗ್ಗೆ ಬಸ್ಸಿನಲ್ಲಿ ಬರುತ್ತಿರಲಿಲ್ಲ. ಒಂದು ಆಂಬ್ಯುಲೆನ್ಸ್ ಬಂದು ಲಾಂಡ್ರಿಯ ಹಿತ್ತಲಿನ ಮುಂದೆ ನಿಲ್ಲುತ್ತಿತ್ತು. ಅವಳು ಇಳಿದು ಮೆಟ್ಟಿಲು ಹತ್ತುವವರೆಗೂ ಅದು ಹೊರಡುತ್ತಿರಲಿಲ್ಲ. ಓಡಿಸುವವನು ಅವರದೇ ಭಾಷೆಯವನು ಎಂದೂ, ಆಸ್ಪತ್ರೆಯಿಂದ ಡಿಪೋಗೆ ಹೋಗುವ ದಾರಿಯಲ್ಲಿ ಬಿಟ್ಟು ಹೋಗುತ್ತಾನೆ ಎಂದೂ ಸೊಸೆ ಹೇಳಿದ್ದಳು. ಕಂಡಕ್ಟರು ಕಿಟಕಿಯಿಂದ ಅವನ ಮುಖ ನೋಡಿರಲಿಲ್ಲ, ಬ್ರೇಕು ಹಾಕುವುದನ್ನು ನೋಡಿದ್ದರು. ಒಂದು ಚೂರೂ ಜರ್ಕ್ ಇಲ್ಲ. ಹತ್ತಾರು ಡ್ರೈವರುಗಳ ಜೊತೆ ದುಡಿದ ಅವರಿಗೆ ಮನುಷ್ಯನ ಗುಣದ ಬಗ್ಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹಾಗೆಂದು ಅದರಿಂದ ಅವರಿಗೆ ಸಂತೋಷವಾಗಿತ್ತು ಎಂದೇನಲ್ಲ. ಆಂಬ್ಯುಲೆನ್ಸ್ ಬಂದು ನಿಂತಾಗಲೆಲ್ಲ ಅವರು ಪರದೆ ಎಳೆದು, ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದರು.

ರಾಯಭಾರ ಕಚೇರಿಯಲ್ಲಿ ಭಾಷೆಯ ತೊಡಕಿರಲಿಲ್ಲ. ಅಲ್ಲಿನ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿಕೊಂಡು ಇವರ ಮಾತು ಪೂರ್ತಿ ಕೇಳಿದ.

"ಸಂಬಂಧ ಇದೆ ಅಂತ ಪತ್ರನಾ? ಹುಟ್ಟಿದ್ದಕ್ಕೆ ಕೊಡ್ತೀವಿ, ಸತ್ತಿದ್ದಕ್ಕೆ ಕೊಡ್ತೀವಿ, ಮದುವೆಗೂ ಕೊಡ್ತೀವಿ. ಸೊಸೆ ಸರ್ಟಿಫಿಕೇಟ್ ಅಂತ ನಮ್ಮಲ್ಲಿ ಇಲ್ಲ."

"ಹಾಗಾದ್ರೆ ಅವರು ಕೇಳ್ತಿರೋದೇನು ಸ್ವಾಮಿ?" ಎಂದರು ಕಂಡಕ್ಟರು.

"ಅವರಿಗೆ ಬೇಕಾಗಿರೋದು ಬೇರೆ" ಎಂದು ಗುಮಾಸ್ತ ಒಳಗೆ ಹೋಗಿ ಒಂದು ಹಾಳೆ ತಂದ. "ಇಂಥ ಕೇಸು ಮೊದಲೂ ಬಂದಿದೆ. ಇದಕ್ಕೆ ಇವರು ಸಹಿ ಹಾಕಿದ್ರೆ ಸಾಕು, ಅವರು ಒಪ್ತಾರೆ. ನಾನು ಮರುಮದುವೆ ಆಗಿಲ್ಲ, ಮಾವನವರು ಇಲ್ಲಿ ಇರೋವರೆಗೆ ಆಗೋದೂ ಇಲ್ಲ ಅಂತ ಇದರಲ್ಲಿ ಬರೆದಿದೆ. ಇಷ್ಟೇ. ನಾವು ಸೀಲ್ ಹೊಡೆದು ಕೊಡ್ತೀವಿ."

ಸೊಸೆಯ ಮುಖ ಬಣ್ಣ ಕಳೆದುಕೊಂಡಿತು. ಆದರೆ ತಡಮಾಡದೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ನು ಕೇಳಿದಳು. ಗುಮಾಸ್ತ ಕೊಟ್ಟ. ಪೆನ್ನಿನ ತುದಿ ಹಾಳೆಯ ಮೇಲೆ ಬಂದು ನಿಂತಿತು, ಮುಂದೆ ಸರಿಯಲಿಲ್ಲ. ಅಷ್ಟರಲ್ಲಿ ಕಂಡಕ್ಟರು ತಮ್ಮ ಅಂಗೈಯನ್ನು ಅಗಲವಾಗಿ ಹಾಳೆಯ ಮೇಲೆ ಇಟ್ಟರು.

"ಬೇಡ" ಎಂದರು.

"ಮಾವ, ಇದು ಬರೀ ಕಾಗದ. ಯಾರು ನೋಡ್ತಾರೆ?"

"ಸೀಲ್ ಹೊಡೆದ ಮೇಲೆ ಬರೀ ಕಾಗದ ಅಲ್ಲ. ಏಳು, ಹೊರಗೆ ಹೋಗಿ ಕೂರೋಣ." ಗುಮಾಸ್ತನಿಗೆ ಕೈಮುಗಿದು, "ತಪ್ಪು ತಿಳ್ಕೋಬೇಡಿ, ಇದರ ಅಗತ್ಯ ಬೀಳಲ್ಲ" ಎಂದರು.

ಹೊರಗೆ ಕಾರು ನಿಲ್ಲಿಸುವ ಜಾಗದ ಪಕ್ಕ ಸಿಮೆಂಟಿನ ಬೆಂಚು. ಇಬ್ಬರೂ ಅದರ ಮೇಲೆ ಕೂತರು. ಸೊಸೆ ತನ್ನ ಚೀಲದ ಜಿಪ್ಪನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು.

"ಆ ಆಂಬ್ಯುಲೆನ್ಸ್ ಹುಡುಗ ಏನಂತಾನೆ?" ಎಂದು ಕೇಳಿದರು ಕಂಡಕ್ಟರು.

ಜಿಪ್ಪು ನಿಂತಿತು. "ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು. ಮನೆಗೆ ಕಿಟಕಿ ಇದೆ, ನನಗೆ ಕಣ್ಣಿದೆ."

ಅವಳು ನೆಲ ನೋಡುತ್ತ ಹೇಳಿದಳು. "ಕೇಳಿದ್ದಾರೆ. ನಾನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ನಿಮಗೆ ಹೇಳ್ಬೇಕು ಅಂತಾನೇ ಇದ್ದೆ, ಬಾಯಿ ಬರ್ಲಿಲ್ಲ. ಆ ಮಾತು ಎತ್ತಿದ ಕೂಡ್ಲೇ ನೀವು ಗಂಟುಮೂಟೆ ಕಟ್ಕೊಂಡು ಹೊರಟುಬಿಡ್ತೀರ ಅಂತ ಭಯ."

"ಈಗ ವೀಸಾದವರೇ ಕಟ್ಟಿಸ್ತಿದ್ದಾರೆ, ನೋಡು."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಒರೆಸಿಕೊಂಡು, "ನೀವು ಹೋದ್ರೆ ಪುಟ್ಟಿ ಗತಿ ಏನು? ನಾನು ಸಹಿ ಹಾಕ್ತೀನಿ ಮಾವ. ಅವರಿಗೆ ಕಾಯಿ ಅಂತೀನಿ. ಕಾಯೋ ಮನುಷ್ಯನೇ" ಎಂದಳು.

ಎದುರಿಗೆ ಒಬ್ಬ ತೋಟಗಾರ ಪೈಪಿನಿಂದ ಗಿಡಗಳಿಗೆ ನೀರು ಬಿಡುತ್ತಿದ್ದ. ಅವನು ಆ ಸಾಲು ಮುಗಿಸಿ ಮುಂದಿನ ಸಾಲಿಗೆ ಹೋಗುವವರೆಗೂ ನೋಡುತ್ತಿದ್ದು ಆಮೇಲೆ ಕಂಡಕ್ಟರು ಹೇಳಿದರು.

"ನನ್ನ ಮಗ ಇದ್ದ ಜಾಗಕ್ಕೆ ಇನ್ನೊಬ್ಬ ಬರ್ತಾನೆ ಅಂದ್ರೆ ನನಗೆ ಖುಷಿ ಅಂತ ಸುಳ್ಳು ಹೇಳಲ್ಲಮ್ಮ. ಪರದೆ ಎಳ್ಕೊಂಡು ಎಷ್ಟೋ ದಿನ ಒಬ್ಬನೇ ಕಣ್ಣು ಒರೆಸ್ಕೊಂಡಿದ್ದೀನಿ. ಆದ್ರೆ ನೀನು ಮದುವೆ ಆಗಲ್ಲ ಅಂತ ಬರ್ಕೊಟ್ಟು, ಅದರ ಬಲದ ಮೇಲೆ ನಾನು ನಿನ್ನ ಮನೇಲಿ ಕೂತು ಉಣ್ಣೋದಾ? ಆ ಅನ್ನ ಗಂಟಲಲ್ಲಿ ಇಳಿಯಲ್ಲ. ನನ್ನ ಹೆಂಡತಿ ಹೋದಾಗ ನನಗೆ ನಿನ್ನಷ್ಟೇ ವಯಸ್ಸು. ಇನ್ನೊಂದು ಮದುವೆ ಆಗು ಅಂತ ಎಲ್ಲರೂ ಹೇಳಿದ್ರು. ಹುಡುಗನಿಗೋಸ್ಕರ ಬೇಡ ಅಂದೆ. ಹುಡುಗ ದೊಡ್ಡವನಾದ, ಹೊರಟುಹೋದ. ಮನೆಗೆ ಬಂದು ಬೀಗ ತೆಗೆದ್ರೆ, ಬೆಳಿಗ್ಗೆ ನಾನಿಟ್ಟ ಲೋಟ ಇಟ್ಟ ಜಾಗದಲ್ಲೇ ಇರ್ತಿತ್ತು. ಅದು ಹೇಗಿರತ್ತೆ ಅಂತ ನನಗೆ ಗೊತ್ತು."

ಸೊಸೆ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಗಂಡನ ಪೆಟ್ಟಿಗೆ ಊರಿಗೆ ತಂದ ದಿನವೂ ಅವಳು ಅವರ ಮುಂದೆ ಅಷ್ಟು ಅತ್ತಿರಲಿಲ್ಲ. ಆ ದಿನ ಎಲ್ಲ ಕೆಲಸ ಅವಳ ತಲೆಯ ಮೇಲೇ ಬಿದ್ದಿತ್ತು.

ಮರುವಾರ ವೀಸಾ ಕಚೇರಿಗೆ ಬರಿಗೈಯಲ್ಲಿ ಹೋದರು. ಅದೇ ಅಧಿಕಾರಿಣಿ, ನೆಗಡಿ ಹೋಗಿತ್ತು. ಪತ್ರ ಎಲ್ಲಿ ಎಂದು ಕೇಳಿದಳು. ಸೊಸೆ ಈ ಸಲ ತಡವರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರೋ ಮದುವೆಗೆ ಕೇಳಿದ್ದಾರೆ, ನಾನು ಒಪ್ಪಬೇಕು ಅಂತಿದ್ದೀನಿ, ಅದಕ್ಕೇ ಆ ಪತ್ರಕ್ಕೆ ಸಹಿ ಹಾಕಬೇಡ ಅಂತ ಮಾವನೇ ತಡೆದರು ಎಂದಳು. ಅಧಿಕಾರಿಣಿ ಮೊದಲ ಬಾರಿ ಕಂಪ್ಯೂಟರ್ ಬಿಟ್ಟು ಕಂಡಕ್ಟರ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಕಂಡಕ್ಟರು ನಿಂತೇ ಇದ್ದರು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು.

ಬಂದವಳು ಹೇಳಿದ್ದು ಇಷ್ಟು. ನಿಯಮ ಮೀರಲು ಆಗುವುದಿಲ್ಲ. ಸೊಸೆಯ ಹೆಸರಿನ ಮೇಲೆ ವೀಸಾ ಮುಂದುವರಿಯದು. ಆದರೆ ಹೊರಡುವ ತಯಾರಿಗೆಂದು ಮಗುವಿನ ಶಾಲೆಗೆ ರಜೆ ಬರುವವರೆಗೆ ಅವಕಾಶ ಕೊಡಬಹುದು, ಕೊಟ್ಟಿದ್ದೇನೆ. ಊರಿಗೆ ಹೋಗಿ ಹೊಸದಾಗಿ ಅರ್ಜಿ ಹಾಕಲಿ. ಆಗ ಯಾರನ್ನು ನೋಡಲು ಬರುತ್ತಿದ್ದೀರಿ ಎಂಬ ಕಡೆ ಸೊಸೆ ಎಂದು ಬರೆಯಬೇಡಿ, ಮೊಮ್ಮಗಳು ಎಂದು ಬರೆಯಿರಿ. ತಾಯಿ ಯಾರನ್ನು ಮದುವೆಯಾದರೂ ಆ ಸಂಬಂಧ ಹಾಗೇ ಇರುತ್ತದೆ.

ಸೊಸೆ ತಿಳಿಸಿದಾಗ ಕಂಡಕ್ಟರು ಗಾಜಿನ ಈಚೆಯಿಂದ ಕೈಮುಗಿದರು. ಅಧಿಕಾರಿಣಿ ಮುಂದಿನ ನಂಬರು ಒತ್ತಿದಳು.

ಉಳಿದ ದಿನಗಳಲ್ಲಿ ಅವರು ಮೊದಲು ಮಾಡಿದ ಕೆಲಸವೆಂದರೆ ಆಂಬ್ಯುಲೆನ್ಸಿನವನನ್ನು ಮೇಲಕ್ಕೆ ಕರೆಸಿದ್ದು. ಅಗಲ ಭುಜದ, ಮಾತು ಕಡಿಮೆಯ ಮನುಷ್ಯ. ಸೋಫಾದ ತುದಿಯಲ್ಲಿ ಕೂತು ಟೀ ಲೋಟವನ್ನು ಮಂಡಿಯ ಮೇಲಿಟ್ಟುಕೊಂಡು ಕುಡಿಯುವುದನ್ನೇ ಮರೆತಿದ್ದ. ಪುಟ್ಟಿ ಸೈರನ್ ಹೇಗೆ ಕೂಗುತ್ತದೆ ಎಂದು ಕೇಳಿದಾಗ ಮಾತ್ರ ಬಾಯಲ್ಲೇ ಕೂಗಿ ತೋರಿಸಿದ. ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು.

"ನನ್ನ ಮಗನ ಮಾತು ಈ ಮನೇಲಿ ಬರ್ತಾ ಇರಬೇಕು. ಮಗುಗೆ ಅಪ್ಪನ ನೆನಪು ಇರಬೇಕು. ಅದೊಂದೇ ನಾನು ಕೇಳೋದು" ಎಂದರು ಕಂಡಕ್ಟರು.

"ಅವರು ಬಿದ್ದ ದಿನ ಗೋದಾಮಿಂದ ಆಸ್ಪತ್ರೆಗೆ ತಂದಿದ್ದು ನಾನೇ" ಎಂದ ಅವನು. "ದಾರೀಲಿ ಒಂದು ಸಲ ಕಣ್ಣು ಬಿಟ್ಟಿದ್ರು. ಹೇಳ್ಬೇಕೋ ಬೇಡವೋ ಅಂತ ಇಷ್ಟು ದಿನ ಸುಮ್ಮನಿದ್ದೆ."

ಇದು ಸೊಸೆಗೆ ಗೊತ್ತಿತ್ತು, ಕಂಡಕ್ಟರಿಗೆ ಗೊತ್ತಿರಲಿಲ್ಲ. ಅವರು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತರು. ವಾಪಸ್ಸು ಬಂದು ಕೂತ ಮೇಲೆ, ಆ ದಾರಿಯಲ್ಲಿ ಮಗ ಏನಾದರೂ ಹೇಳಿದನೇ ಎಂದು ಕೇಳಿದರು. ಇಲ್ಲ, ಮಾತು ಬರಲಿಲ್ಲ, ನನ್ನ ಜೊತೆಯ ಹುಡುಗ ಅವರ ಕೈ ಹಿಡಿದುಕೊಂಡಿದ್ದ ಎಂದ. ಒಬ್ಬನೇ ಇರಲಿಲ್ಲವಲ್ಲ ಎಂದು ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಹೆಣ್ಣಿನ ಕಡೆಯ ಸಾಕ್ಷಿಯಾಗಿ ಕಂಡಕ್ಟರು ಸಹಿ ಹಾಕಿದರು. ಪುಟ್ಟಿಗೆ ರಜೆ ಶುರುವಾದಾಗ ಅವರು ವಿಮಾನ ಹತ್ತಿದರು. ನಾಳೆ ಬರುತ್ತೀಯಾ ಎಂದು ಅವಳು ಕೇಳಿದಳು. ನಾಳೆ ಅಲ್ಲ, ಆದರೆ ಬರುತ್ತೇನೆ ಎಂದರು.

ಅದು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಊರಿನಿಂದ ಹಾಕಿದ ಮೊದಲ ಅರ್ಜಿ, ಬೆರಳಚ್ಚು ಸ್ಪಷ್ಟವಿಲ್ಲವೆಂದು ಹಿಂದಕ್ಕೆ ಬಂತು. ಎರಡನೆಯದಕ್ಕೆ ಬಹಳ ಕಾಲ ಉತ್ತರವೇ ಇಲ್ಲ. ಪೋಸ್ಟ್‌ಮನ್ ಸೈಕಲ್ಲಿನ ಸದ್ದಿಗೆ ಕಂಡಕ್ಟರು ಬಾಗಿಲಿಗೆ ಬರುವುದು, ಅವನು ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುವುದು ನಡೆದೇ ಇತ್ತು. ಫೋನಿನಲ್ಲಿ ಪುಟ್ಟಿಯ ಮಾತಿನೊಳಗೆ ಆ ದೇಶದ ಶಬ್ದಗಳು ಹೆಚ್ಚುತ್ತಿದ್ದವು. ಒಂದು ದಿನ ಅವಳು ಹೇಳಿದ್ದು ಅರ್ಥವಾಗದೆ ಅವರು ಹೂಂ ಹೂಂ ಎಂದು ಫೋನಿಟ್ಟು, ಆಮೇಲೆ ಊಟ ಮಾಡಲಿಲ್ಲ. ಕಡೆಗೂ ವೀಸಾ ಬಂತು.

ಅವರು ಹೋದಾಗ ಮನೆ ಬದಲಾಗಿತ್ತು. ಇನ್ನೊಂದು ಕೋಣೆ ಹೆಚ್ಚಿತ್ತು, ಅದರಲ್ಲಿ ಅವರಿಗೊಂದು ಮಂಚ. ಮುಂಗೋಣೆಯ ಗೋಡೆಯ ಮೇಲೆ ಮಗನ ಫೋಟೋ. ಮೊಳೆ ಹೊಡೆದವನು ಆಂಬ್ಯುಲೆನ್ಸಿನವನೇ ಎಂದು ಸೊಸೆ ಹೇಳಿದಳು. ಮೊದಲ ವಾರ ಕಂಡಕ್ಟರಿಗೆ ಎಲ್ಲಿ ಕೂರಬೇಕೆಂದೇ ತೋಚಲಿಲ್ಲ. ಮಗನ ವಯಸ್ಸಿನವನು ಸ್ನಾನ ಮುಗಿಸಿ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದಾಗ ಅವರು ಫೋಟೋದ ಕಡೆ ತಿರುಗಿಬಿಡುತ್ತಿದ್ದರು. ಅವನೂ ಅವರ ಎದುರಿಗೆ ದನಿ ತಗ್ಗಿಸಿ ಮಾತಾಡುತ್ತಿದ್ದ. ಇಬ್ಬರಿಗೂ ಬಿಗಿತ ಸಡಿಲಿದ್ದು ಕಾರಿನಲ್ಲಿ. ಅವನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಇಳಿದು ಹಿಂದೆ ನಿಂತು, "ಬರ್ಲಿ, ಬರ್ಲಿ, ಹೋಲ್ಡ್" ಎಂದು ಡಿಕ್ಕಿಯ ಮೇಲೆ ಅಂಗೈಯಿಂದ ಬಡಿದರು. ಅವನು ಕನ್ನಡಿಯಲ್ಲಿ ನೋಡಿ ನಕ್ಕ. "ಸರಿ ಮಾವ" ಎಂದ. ಅವನ ಬಾಯಿಂದ ಆ ಶಬ್ದ ಬಂದದ್ದು ಅದೇ ಮೊದಲು.

ಆ ಸಲ ವೀಸಾ ಮುಗಿಯುವ ಮೊದಲೇ ಅವರು ಹೊರಟರು, ಮುಂದುವರಿಸಲು ಕೇಳಲಿಲ್ಲ. ಈಗ ಹೋಗುವುದು, ಬರುವುದು ರೂಢಿಯಾಗಿದೆ. ಊರಿನಲ್ಲಿದ್ದಾಗ ಯಾರಾದರೂ ಅಲ್ಲಿನ ಸಮಾಚಾರ ಕೇಳಿದರೆ ಸೊಸೆಯ ಬಡ್ತಿ, ಪುಟ್ಟಿಯ ಓದು ಎಲ್ಲ ಹೇಳಿ, "ಅಳಿಯನಿಗೂ ಡ್ಯೂಟಿ ಜಾಸ್ತಿ, ಪಾಪ" ಎಂದು ಸೇರಿಸುತ್ತಾರೆ.

"ನಿಮಗೆ ಹೆಣ್ಣುಮಕ್ಕಳೇ ಇಲ್ವಲ್ಲ ಕಂಡಕ್ಟ್ರೆ, ಅಳಿಯ ಎಲ್ಲಿಂದ ಬಂದ?" ಎಂದು ಕೇಳಿದವರಿಗೆ ಅವರು ಈ ಕತೆಯನ್ನೆಲ್ಲ ಬಿಡಿಸಿ ಹೇಳಲು ಹೋಗುವುದಿಲ್ಲ. "ಇದ್ದಾನೆ ಬಿಡಿ" ಎಂದು ನಕ್ಕು, ಟೀ ಕುಡೀತೀರಾ ಎಂದು ಕೇಳುತ್ತಾರೆ.